ಪ್ಯಾಸ್ಕಲ್ ನಡುವೆ ಕುಳಿತ ಅಸೆಂಬ್ಲಿ

ಕೇಳುಗರೇ, ನಮಸ್ಕಾರ.

ಕಾಲೇಜಿನಲ್ಲಿ ಟರ್ಬೊ ಪ್ಯಾಸ್ಕಲ್ ಬಳಸಿ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತವರು ನಿಮ್ಮಲ್ಲಿ ಕೆಲವರಾದರೂ ಇರಬೇಕು. ಆ ನೀಲಿ ಪರದೆ ನೆನಪಿದೆ ಅಲ್ವಾ? 1990ರಲ್ಲಿ ಅದರ ಆರನೇ ಆವೃತ್ತಿ ಬಂತು. ಅಂದಿನಿಂದ ಪ್ಯಾಸ್ಕಲ್ ಸಾಲುಗಳ ನಡುವೆಯೇ ‘ಎಎಸ್‌ಎಂ’ ಎಂದು ಶುರುಮಾಡಿ ಅಸೆಂಬ್ಲಿ, ಅಂದರೆ ಪ್ರೊಸೆಸರಿಗೆ ನೇರವಾಗಿ ಕೊಡುವ ಆದೇಶಗಳನ್ನು ಬರೆದು, ‘ಎಂಡ್’ ಎಂದು ಮುಗಿಸಬಹುದಾಯಿತು. ವೇಗ ಬೇಕಾದ ಕಡೆಯಲ್ಲೆಲ್ಲ ಜನ ಅದನ್ನು ಬಳಸಿದರು.

ಆದರೆ ಆ ಅಸೆಂಬ್ಲಿ ಇಂಟೆಲ್ ಪ್ರೊಸೆಸರಿನ ಭಾಷೆ. ಇವತ್ತು ಅದೇ ಕೋಡನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಒಯ್ಯುತ್ತೀರಿ ಎನ್ನಿ. ಅದರಲ್ಲಿರುವುದು ಆರ್ಮ್ ಪ್ರೊಸೆಸರ್. ಪ್ಯಾಸ್ಕಲ್ ಸಾಲುಗಳನ್ನು ಫ್ರೀ ಪ್ಯಾಸ್ಕಲ್ ಕಂಪೈಲರ್ ತಾನೇ ಆರ್ಮ್‌ಗೆ ತಿರುಗಿಸುತ್ತದೆ. ಇಂಟೆಲ್ ಅಸೆಂಬ್ಲಿ ಎದುರಾದ ಕೂಡಲೇ ತಪ್ಪು ತೋರಿಸುತ್ತದೆ. ತಪ್ಪು ತೋರಿಸಿದರೆ ಒಳ್ಳೆಯದೇ. ಎಲ್ಲಿ ಕೈಹಾಕಬೇಕು ಅಂತ ಗೊತ್ತಾಗುತ್ತದೆ.

ನನಗೆ ಹೆದರಿಕೆ ಇರುವುದು ತಪ್ಪು ತೋರಿಸದ ಕಡೆ. ಟರ್ಬೊ ಪ್ಯಾಸ್ಕಲ್ ನಂತರ ಬಂದ ಡೆಲ್ಫಿಯ 32 ಬಿಟ್ ಕೋಡಿನಲ್ಲಿ ಸಾಮಾನ್ಯವಾಗಿ ಫಂಕ್ಷನ್‌ಗೆ ಕೊಡುವ ಬೆಲೆಗಳಲ್ಲಿ, ಅಂದರೆ ಪ್ಯಾರಾಮೀಟರ್‌ಗಳಲ್ಲಿ, ಮೊದಲ ಮೂರು ಪ್ಯಾರಾಮೀಟರ್‌ಗಳು ಇಎಎಕ್ಸ್, ಇಡಿಎಕ್ಸ್, ಇಸಿಎಕ್ಸ್ ಎಂಬ ರಿಜಿಸ್ಟರುಗಳಲ್ಲಿ, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಜಾಗಗಳಲ್ಲಿ ಬರುತ್ತವೆ. ಅದೇ ಇಂಟೆಲ್ ಪ್ರೊಸೆಸರಿನ 64 ಬಿಟ್ ವಿಂಡೋಸ್‌ನಲ್ಲಿ ಮೊದಲನೆಯದು ಆರ್‌ಸಿಎಕ್ಸ್‌ನಲ್ಲಿ ಬರುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ ಆರ್‌ಡಿಐನಲ್ಲಿ. ಹಳೆಯ ಸಾಲು ಸುಮ್ನೆ ಕಂಪೈಲ್ ಆಗಿಬಿಡಬಹುದು. ಓಡಿದಾಗ ಬೇರೆ ಯಾವುದೋ ಬೆಲೆ ಎತ್ತಿಕೊಂಡು ತಪ್ಪು ಉತ್ತರ ಕೊಡುತ್ತದೆ.

ಹಾಗಾಗಿ ಇಂಟೆಲ್ ಅಸೆಂಬ್ಲಿಯನ್ನು ನೇರವಾಗಿ ಆರ್ಮ್ ಅಸೆಂಬ್ಲಿಗೆ ತಿರುಗಿಸಲು ಹೋಗಬೇಡಿ. ಮೊದಲು ಆ ಕೆಲಸವನ್ನು ಪ್ಯಾಸ್ಕಲ್‌ನಲ್ಲೇ ಬರೆಯಿರಿ. ನಾಲ್ಕು ಬೈಟುಗಳನ್ನು ಹಿಂದುಮುಂದು ಮಾಡುವ ಬಿಸ್ವಾಪ್ ಆದೇಶ ಇದೆಯಲ್ಲ, ಅದರ ಜಾಗಕ್ಕೆ ಫ್ರೀ ಪ್ಯಾಸ್ಕಲ್‌ನಲ್ಲಿ ಸ್ವಾಪ್‌ಎಂಡಿಯನ್ ಎಂಬ ಫಂಕ್ಷನ್ ಸಿದ್ಧವಾಗಿಯೇ ಇದೆ.

ಒಂದು ಕಡೆ ಮಾತ್ರ ಜಾಸ್ತಿ ಎಚ್ಚರ ಬೇಕು. ಅಸೆಂಬ್ಲಿಯಲ್ಲಿ ಕೂಡಿದ್ದು 32 ಬಿಟ್ ಮೀರಿದರೆ ಮೇಲಿನ ಬಿಟ್ ಬಿದ್ದುಹೋಗುತ್ತದೆ, ಲೆಕ್ಕ ಮುಂದುವರಿಯುತ್ತದೆ. ದತ್ತಾಂಶದಿಂದ ಗುರುತಿನ ಸಂಖ್ಯೆ ತೆಗೆಯುವ ಹ್ಯಾಶ್ ಲೆಕ್ಕಗಳಿಗೆ ಅದೇ ಬೇಕು. ಪ್ಯಾಸ್ಕಲ್‌ನಲ್ಲಿ ಓವರ್‌ಫ್ಲೋ ಮತ್ತು ರೇಂಜ್ ತಪಾಸಣೆ, ಅಂದರೆ ಸಂಖ್ಯೆ ಮಿತಿ ಮೀರಿತೇ ಎಂದು ನೋಡುವ ಏರ್ಪಾಡು ಆನ್ ಇದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಬಹುದು. ಆ ಒಂದು ಫಂಕ್ಷನ್‌ಗೆ ಅವೆರಡನ್ನೂ ಆಫ್ ಮಾಡಿ.

ಆಮೇಲೆ ಹಳೆಯ ಯಂತ್ರದಲ್ಲೇ ಹಳತು, ಹೊಸತು ಎರಡನ್ನೂ ಓಡಿಸಿ. ಸೊನ್ನೆ, ಋಣ ಸಂಖ್ಯೆ, ಅತಿ ದೊಡ್ಡ ಸಂಖ್ಯೆ ಎಲ್ಲವನ್ನೂ ಕೊಟ್ಟು ಉತ್ತರ ಹೋಲಿಸಿ. ಎರಡೂ ತಾಳೆಯಾದ ಮೇಲೆ ಪ್ಯಾಸ್ಕಲ್ ರೂಪವನ್ನು ಪೈಗೆ ಒಯ್ಯಿರಿ. ಅಲ್ಲಿ ವೇಗ ಅಳೆಯಿರಿ. ನಿಜವಾಗಿ ನಿಧಾನವಾದ ಫಂಕ್ಷನ್ ಸಿಕ್ಕರೆ ಅದೊಂದಕ್ಕೆ ಆರ್ಮ್ ಅಸೆಂಬ್ಲಿ ಬರೆಯಿರಿ. ‘ಇಫ್‌ಡೆಫ್’ ಎಂಬ ಷರತ್ತು ಹಾಕಿ ಅದನ್ನು ಆರ್ಮ್‌ಗೆ ಮಾತ್ರ ಸೀಮಿತಗೊಳಿಸಿ. ಉಳಿದ ಪ್ರೊಸೆಸರುಗಳಿಗೆ ‘ಎಲ್ಸ್’ ಭಾಗದಲ್ಲಿ ಪ್ಯಾಸ್ಕಲ್ ರೂಪ ಹಾಗೆಯೇ ಇರಲಿ.

ನಮಸ್ಕಾರ.