ಐದನೇ ನಡೆಗೆ ಆ ಕುದುರೆ ಮುಟ್ಬೇಡಿ ಮಾರಾಯ್ರೇ!

ನಮಸ್ಕಾರ. ಕಳೆದ ಚೆಸ್ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: 'ಅವ ನಮ್ಮ ಕಾಲಾಳು ಹೊಡೆದ್ರೆ ತಿರುಗಿ ಹೊಡೆಯೋದು ಬಿಟ್ಟು ಕುದುರೆಯನ್ನ ಅಂಚಿಗೆ ಓಡಿಸೋದಾ?' ಹೌದು. ಓಡಿಸೋದೇ.

ಶಿರಸಿ, ಕುಮಟಾ, ಕಾರವಾರ, ಭಾನುವಾರದ ಯಾವ ಟೂರ್ನಿಗಾದ್ರೂ ಹೋಗಿ, ಹೊಸಬರು ಕೂರುವ ಕೆಳಗಿನ ಬೋರ್ಡುಗಳಲ್ಲಿ ಇದೇ ಆಟ. (ಅಕ್ಷರ ಅಂದ್ರೆ ಮನೆಯ ಕಂಬಸಾಲು, ಅಂಕೆ ಅಂದ್ರೆ ಅಡ್ಡಸಾಲು; ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ಕಾಯಿ ಹೆಸರಿಲ್ಲದಿದ್ರೆ ಕಾಲಾಳು.) ಇ4, ಇ5. ಕುದುರೆ ಎಫ್3, ಕುದುರೆ ಸಿ6. ಒಂಟೆ ಸಿ4, ಕುದುರೆ ಎಫ್6. ನಾಲ್ಕನೇ ನಡೆಗೆ ಬಿಳಿ ಕುದುರೆ ಜಿ5ಕ್ಕೆ ಹಾರ್ತದೆ, ಎಫ್7ರ ಮೇಲೆ ಕಣ್ಣು. ಕಪ್ಪಿನವ ಡಿ5 ತಳ್ತಾನೆ, ಸರಿಯೇ. ಬಿಳಿ ಕಾಲಾಳು ಅದನ್ನ ಹೊಡೀತದೆ. ಈಗ ನಮ್ಮವ ಎಫ್6ರ ಕುದುರೆ ಎತ್ತಿ ಡಿ5ರಲ್ಲಿ ಟಕ್ ಅಂತ ಕುಕ್ಕಿ, ಗಡಿಯಾರ ಒತ್ತಿ, ಚಹಾ ಬಂತಾ ಅಂತ ಬಾಗಿಲು ನೋಡ್ತಾನೆ.

ಬಂತು. ಚಹಾ ಅಲ್ಲ, ಎಫ್7ಕ್ಕೆ ಕುದುರೆ. ರಾಣಿಗೂ ಆನೆಗೂ ಒಟ್ಟಿಗೇ ಕುತ್ತು, ರಾಜನೇ ಹೊಡೀಬೇಕು. ರಾಣಿ ಎಫ್3, ಚೆಕ್. ರಾಜ ಜಿ8ಕ್ಕೆ ವಾಪಸ್ ಹೋದ್ರೆ ಒಂಟೆ ಡಿ5 ಹೊಡೆದು ಮತ್ತೆ ಚೆಕ್, 10ನೇ ನಡೆಗೆ ಮ್ಯಾಟ್. ಕುದುರೆ ಉಳಿಸ್ಬೇಕಂದ್ರೆ ರಾಜ ಇ6ಕ್ಕೇ ಬರಬೇಕು. ಬಿಳಿಯ ಇನ್ನೊಂದು ಕುದುರೆ ಸಿ3ಕ್ಕೆ ಬಂದು ಕೂತ್ಕೊಳ್ತದೆ. ಇದರ ಹೆಸರು ಫ್ರೈಡ್ ಲಿವರ್, ಅಂದ್ರೆ ಹುರಿದ ಪಿತ್ತಜನಕಾಂಗ. ಹೆಸರಿಗೇ ಹೇಸಿ ನಮ್ಮ ಶಿರಸಿ ಮಾಣಿಗಳು ಕಲಿಯದೆ ಬಿಟ್ರೋ ಏನೋ!

'ಇಂಜಿನ್ (ಚೆಸ್ ಆಡುವ ಕಂಪ್ಯೂಟರ್) ಪ್ರಕಾರ ಕಪ್ಪು ತಡ್ಕೊಳ್ಬಹುದು.' ಇಂಜಿನ್ ತಡ್ಕೊಳ್ತದೆ ಸ್ವಾಮಿ. 15 ನಿಮಿಷದ ಆಟದಲ್ಲಿ ನೀವು? ಜೂನ್ ಮಳೆಗೆ ಅಂಗಳದಲ್ಲಿ ಅಡಿಕೆ ಹರವಿದ ಹಾಗೆ ರಾಜನನ್ನ ಇ6ರಲ್ಲಿ ಇಟ್ಕೊಂಡು?

ಹಾಗಾದ್ರೆ ಐದನೇ ನಡೆಗೆ ಏನು? ಸಿ6ರ ಕುದುರೆ ಎ5ಕ್ಕೆ. ಅಷ್ಟೇ. ಒಂಟೆ ಬಿ5ಕ್ಕೆ ಬಂದು ಚೆಕ್ ಕೊಡ್ತದೆ, ಹೆದರ್ಬೇಡಿ, ಸಿ6ಕ್ಕೆ ಕಾಲಾಳು ತಳ್ಳಿ. ಅವ ಹೊಡೀತಾನೆ, ನೀವು ಬಿ7ರ ಕಾಲಾಳಿಂದ ಹೊಡೀರಿ. ಒಂಟೆ ಇ2ಕ್ಕೆ ಓಡ್ತದೆ. ಎಚ್6 ಆಡಿ, ಕುದುರೆ ಎಫ್3ಕ್ಕೆ ಓಡ್ತದೆ. ಇ4 ತಳ್ಳಿ, ಮತ್ತೆ ಓಡ್ತದೆ! 'ಒಂದು ಕಾಲಾಳು ಕಮ್ಮಿ ಆಯ್ತಲ್ಲ?' ಒಂದು ಅಡಿಕೆ ಬಿದ್ರೆ ಚೀಲವೇ ಹೋಯ್ತು ಅಂತ ಅಳ್ತೀರಾ?

'ಮೂರನೇ ನಡೆಗೆ ಒಂಟೆ ಸಿ5 ಆಡಿದ್ರೆ ಈ ತಾಪತ್ರಯವೇ ಇಲ್ಲ.' ಆಡಿ! ಬೇಡ ಅಂದವರು ಯಾರು? ಕುದುರೆ ಎಫ್6 ಆಡಿ ಕೂತವರಿಗೆ ಹೇಳ್ತಿದ್ದೇನೆ. ಕುದುರೆ ಎ5. ಯಾಕೆ ಅಂತ ಇನ್ನೊಮ್ಮೆ ಕೇಳ್ಬೇಡಿ. ಎ5!

ಸಬ್‌ಸ್ಕ್ರೈಬ್ ಬಟನ್ ಮುಟ್ಟಿ, ಗಂಟೆನೂ ಮುಟ್ಟಿ. ಎಫ್6ರ ಕುದುರೆ ಮಾತ್ರ ಬೇಡ. ಮುಟ್ಟಿದ ಕಾಯಿ ನಡೆಸ್ಲೇಬೇಕು, ಆರ್ಬಿಟರ್ (ತೀರ್ಪುಗಾರ) ನಿಮ್ಮ ಸ್ವಂತ ಮಾವ ಆದ್ರೂ ಬಿಡೋದಿಲ್ಲ.