ಅಡಿಕೆ ಸುಲಿಯುವ ಕಾಲದ ನೆಗಡಿ

ಕೇಳುಗರಿಗೆಲ್ಲ ನಮಸ್ಕಾರ.

ಮಲೆನಾಡಿನಲ್ಲಿ ಈಗ ಅಡಿಕೆ ಕೊಯ್ಲು. ಸಂಜೆಯಾದರೆ ಚಪ್ಪರದಡಿ ಹತ್ತು ಹದಿನೈದು ಮಂದಿ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಮಗ್ಗುಲಿಗೆ ಮಗ್ಗುಲು ಕೂತು ಸುಲಿಯುತ್ತಾರೆ. ಒಬ್ಬರಿಗೆ ಸೀನು ಶುರುವಾದರೆ ನಾಲ್ಕೈದು ದಿನದಲ್ಲಿ ಚಪ್ಪರದಲ್ಲಿರುವ ಮುಕ್ಕಾಲು ಮಂದಿಗೆ ನೆಗಡಿ. ಎಲ್ಲರೂ ದೂರುವುದು ಇಬ್ಬನಿಯನ್ನು. ಚಳಿಯ ಪಾಲೂ ಇದೆ ಅನ್ನಿ. ತಣ್ಣನೆ ಗಾಳಿಗೆ ಮೂಗಿನ ಒಳಗು ತಂಪಾಗುತ್ತದೆ, ನೆಗಡಿ ತರುವ ರೈನೋವೈರಸ್ಸು 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಚೆನ್ನಾಗಿ ಬೆಳೆಯುವುದು. ಆದರೆ ವೈರಸ್ಸು ಇಬ್ಬನಿಯಿಂದ ಉದುರುವುದಿಲ್ಲ. ಪಕ್ಕದಲ್ಲಿ ಕೂತವರ ಸೀನಿನಿಂದ ಬರುತ್ತದೆ, ಮೂಗೊರೆಸಿದ ಕೈಯಿಂದ ಬರುತ್ತದೆ. ಆ ಕೈಯನ್ನು ಸೋಪು ಹಾಕಿ ತೊಳೆಯದೆ ಎಲೆಯಡಿಕೆ ತಟ್ಟೆಗೆ ಹಾಕಬೇಡಿ.

ಬುಗುಡಿಯಂಥ ಒಡವೆಯಿಲ್ಲ, ನೆಗಡಿಯಂಥ ರೋಗವಿಲ್ಲ ಅನ್ನುತ್ತಾರೆ. ತಲೆ ಭಾರ, ಊಟ ರುಚಿಸದು, ಮಲಗಿದರೆ ಮೂಗು ಕಟ್ಟುತ್ತದೆ. ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಸಿಂಬಳ ಹಳದಿಯಾಯಿತೆಂದು ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ಅದು ಬ್ಯಾಕ್ಟೀರಿಯಾದ ಮದ್ದು, ವೈರಸ್ಸಿಗೆ ತಟ್ಟುವುದಿಲ್ಲ.

ಹಾಗಾದರೆ ನಮ್ಮ ಕಷಾಯ? ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಚೂರು ಮೆಂತ್ಯ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿದ್ದು. ಅದೂ ವೈರಸ್ಸನ್ನು ಕೊಲ್ಲುವುದಿಲ್ಲ. ಆದರೂ ನಾನು ಬಿಡದೆ ಕುಡಿಯುತ್ತೇನೆ, ಕುಡಿಸುತ್ತೇನೆ. ಬಿಸಿಯಾದದ್ದು ಒಳಗೆ ಇಳಿದರೆ ಗಂಟಲ ಕೆರೆತ ಅಡಗುತ್ತದೆ, ಕಫ ಸಡಿಲವಾಗುತ್ತದೆ, ನೀರು ಬೇಡವೆನ್ನುವ ಬಾಯಿಗೂ ಎರಡು ಲೋಟ ನೀರು ಸೇರುತ್ತದೆ. ಬೆಳ್ಳುಳ್ಳಿ ಒಗ್ಗರಣೆಯ ಮೆಣಸಿನ ಸಾರು, ಹುರುಳಿಕಟ್ಟಿನ ಸಾರು ಮಾಡುವುದೂ ಇದನ್ನೇ. ಗಂಟಲು ನೋವಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ರಾತ್ರಿ ಕೆಮ್ಮಿಗೆ ಒಂದು ಚಮಚ ಜೇನು.

ಮತ್ತೆ ಬೇಕಾದದ್ದು ನಿದ್ದೆ. ಇದನ್ನು ಹೇಳುವಾಗ ನನಗೆ ನೆನಪಾಗುವುದು ಮನೆಯ ಹೆಂಗಸರು. ಎಲ್ಲರಿಗೂ ಕಷಾಯ ಕುದಿಸಿ ಕೊಟ್ಟು, ಸುಲಿಯುವವರಿಗೆ ನಡುರಾತ್ರಿ ಚಹಾ ಮಾಡಿ, ತಾವು ಜ್ವರದಲ್ಲೇ ಬೆಳಗ್ಗೆ ಐದಕ್ಕೆ ಒಲೆ ಹಚ್ಚುತ್ತಾರೆ. ಎರಡು ದಿನ ಆ ಒಲೆಯನ್ನು ಬೇರೆ ಯಾರಾದರೂ ಹಚ್ಚಿ. ಯಾವ ಮದ್ದಿಗಿಂತಲೂ ಅವರಿಗೆ ಅದು ದೊಡ್ಡದು.

ಇನ್ನು ಹಸುಗೂಸುಗಳ ಮಾತು. ನಮಗೆ ಹಿತವಾದದ್ದು ಅವಕ್ಕೆ ಅಪಾಯವಾಗಬಹುದು. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿ ಇದೆಯಲ್ಲ, ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗರುಳಿನಲ್ಲಿ ಬೆಳೆದು ವಿಷವಾಗುತ್ತದೆ. ಮೂಗಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಮೈಗೆ ಕರ್ಪೂರ ಸವರುವುದೂ ಬೇಡ. ಪಾತ್ರೆಯ ಬಿಸಿನೀರಿನ ಮುಂದೆ ಮಗುವನ್ನು ಕೂರಿಸಿ ಆವಿ ಕೊಡಲು ಹೋಗಿ ತೊಡೆ ಸುಟ್ಟ ಕಂದನನ್ನು ನಾನು ಕಂಡಿದ್ದೇನೆ. ಅದರ ಅಜ್ಜಿ ಆಮೇಲೆ ಎಷ್ಟೋ ದಿನ ಊಟ ಸರಿಯಾಗಿ ಮಾಡಲಿಲ್ಲ. ಆ ಅಜ್ಜಿ ಮಾಡಿದ್ದು ಪ್ರೀತಿಯಿಂದಲೇ.

ಮಗುವಿಗೆ ಎದೆಹಾಲು ಮತ್ತೆ ಮತ್ತೆ ಕೊಡಿ, ಬೆಚ್ಚಗಿಡಿ. ಮೂಗು ಕಟ್ಟಿದರೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು. ದೊಡ್ಡವರ ಕೆಮ್ಮಿನ ಸಿರಪ್ಪನ್ನು ಕಡಿಮೆ ಮಾಡಿ ಕೊಡುವ ಲೆಕ್ಕಾಚಾರ ಬೇಡ.

ಕೊನೆಗೆ ಒಂದು ಲೆಕ್ಕ ಕಲಿತಿರಿ. ಮಗು ಅಳದೆ ಸುಮ್ಮನಿದ್ದಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತಾ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಅಲ್ಲಿಂದ ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಎಣಿಕೆ ಅಷ್ಟು ಮುಟ್ಟಿದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ ಅದು ಬರೀ ನೆಗಡಿಯಲ್ಲ. ಒಲೆಯ ಮೇಲಿನ ಕಷಾಯ ಅಲ್ಲೇ ಇರಲಿ. ನಡುರಾತ್ರಿಯಾದರೂ ಸರಿ, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ.

ನಮಸ್ಕಾರ.