ನಾಲ್ಕು ಗಂಟೆಯ ಅಲಾರಾಂ

ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಎಲ್‌ಸಿ ಮಕ್ಕಳ ಅಪ್ಪ ಅಮ್ಮಂದಿರ ಸಭೆ ಇದೆ, ಒತ್ತಡದ ಬಗ್ಗೆ ಮಾತಾಡಿ ಸಾರ್, ಮುಕ್ಕಾಲು ಗಂಟೆ ನಿಮ್ಮದೇ ಅಂದಿದ್ದರು. ಸ್ವಾಗತ, ಹಾರ, ಶಾಲು ಎಲ್ಲ ಮುಗಿಯುವಷ್ಟರಲ್ಲಿ ಅದು ಇಪ್ಪತ್ತು ನಿಮಿಷಕ್ಕೆ ಇಳಿದಿದೆ. ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಎಷ್ಟಾಗುತ್ತದೋ ನೋಡೋಣ.

ಮೊದಲು ಒಂದು ಪ್ರಶ್ನೆ. ಮಕ್ಕಳನ್ನು ಬೆಳಗಿನ ಜಾವ ನಾಲ್ಕಕ್ಕೋ ನಾಲ್ಕೂವರೆಗೋ ಎಬ್ಬಿಸುವವರು ಎಷ್ಟು ಜನ? ಕೈ ಎತ್ತಿ. ಎತ್ತಿ, ನಾನೇನೂ ಬೈಯಲ್ಲ. ಹ್ಞಾಂ, ಮುಕ್ಕಾಲು ಪಾಲು ಹಾಲ್. ವೇದಿಕೆ ಮೇಲೂ ಎರಡು ಕೈ!

ನಾನೂ ಎಬ್ಬಿಸಿದವನೇ. ನನ್ನ ಮಕ್ಕಳನ್ನಷ್ಟೇ ಅಲ್ಲ, ಊರ ಮಕ್ಕಳನ್ನೂ. ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದೆ. ಒಂದು ವರ್ಷ ರಿಸಲ್ಟ್ ಏರಿಸಬೇಕು ಅಂತ ನಮಗೆಲ್ಲ ಹತ್ತತ್ತು ಮಕ್ಕಳನ್ನು ಹಂಚಿದರು. ದಿನಾ ನಾಲ್ಕೂವರೆಗೆ ಫೋನ್ ಮಾಡಿ ಎಬ್ಬಿಸಬೇಕು. ನನ್ನ ಪಾಲಿಗೆ ಬಂದವರಲ್ಲಿ ಒಬ್ಬ ಹುಡುಗ ಅರ್ಧ ರಿಂಗಿಗೇ ಎತ್ತುತ್ತಿದ್ದ. "ಎದ್ದಿದ್ದೀನಿ ಸಾರ್, ಓದ್ತಾ ಇದ್ದೀನಿ ಸಾರ್." ಸ್ಟಾಫ್ ರೂಮಿನಲ್ಲಿ ಅವನ ಬಗ್ಗೆ ಜಂಬ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು.

ಪ್ರಿಪರೇಟರಿಯಲ್ಲಿ ಅವನಿಗೆ ಗಣಿತಕ್ಕೆ ಇಪ್ಪತ್ತೊಂದು ಬಂತು. ಅರ್ಧವಾರ್ಷಿಕದಲ್ಲಿ ಎಪ್ಪತ್ತು ದಾಟಿದ್ದ ಹುಡುಗ! ನೋಟ್‌ಬುಕ್ ತಗೊಂಡು ಬಾ ಅಂದೆ. ಬಿಚ್ಚಿ ನೋಡಿದರೆ ಪುಟಪುಟದಲ್ಲೂ ಒಂದೇ ಕಥೆ. ಮೊದಲೆರಡು ಸಾಲು ದುಂಡಗಿನ ಅಕ್ಷರ. ಮೂರನೇ ಸಾಲಿನಲ್ಲಿ ಸಮ ಚಿಹ್ನೆ ಹಾಕಿದ್ದಾನೆ, ಅಲ್ಲಿಂದ ಪೆನ್ನು ಜಾರಿ ಪುಟದ ತುದಿವರೆಗೂ ಒಂದು ಗೆರೆ. ಗೆರೆ ನಿಂತ ಕಡೆ ಶಾಯಿಯ ಮಚ್ಚೆ.

"ಕೂತಲ್ಲೇ ನಿದ್ದೆ ಹತ್ತುತ್ತೆ ಸಾರ್" ಅಂದ.

"ಹಾಗಾದ್ರೆ ಲೈಟ್ ಆರಿಸಿ ಮಲಗೋಕೇನೋ?"

"ಅಪ್ಪ ಆ ಹೊತ್ತಲ್ಲಿ ತೋಟಕ್ಕೆ ಮೋಟರ್ ಹಾಕೋಕೆ ಹೋಗಿರ್ತಾರೆ ಸಾರ್. ಅಲ್ಲಿಂದ ನಮ್ಮ ಕಿಟಕಿ ಕಾಣುತ್ತೆ. ಲೈಟ್ ಉರೀತಿದ್ರೆ ಅವರಿಗೆ ಖುಷಿ."

ಅಪ್ಪ ಅಲ್ಲಿ ತ್ರೀ ಫೇಸ್ ಕರೆಂಟು ಕಾಯುತ್ತಿದ್ದರು, ಮಗ ಇಲ್ಲಿ ಲೈಟು ಕಾಯುತ್ತಿದ್ದ. ಓದಲೂ ಇಲ್ಲ, ಮಲಗಲೂ ಇಲ್ಲ. ಫೋನ್ ಮಾಡಿ ಮಾಡಿ ಅವನನ್ನು ಅಲ್ಲಿ ಕೂರಿಸಿದವನು ನಾನು.

ಆಮೇಲೆ ನಾನೂ ಒಂದಿಷ್ಟು ಓದಿಕೊಂಡೆ. ಹದಿಮೂರು ಹದಿನಾಲ್ಕು ದಾಟುತ್ತಿದ್ದ ಹಾಗೆ ಮಕ್ಕಳ ದೇಹದ ಗಡಿಯಾರವೇ ಹಿಂದೆ ಬೀಳುತ್ತದೆ. ನಿದ್ದೆ ತರುವ ಮೆಲಟೋನಿನ್ ಅನ್ನುವ ಹಾರ್ಮೋನು ಚಿಕ್ಕವರಿದ್ದಾಗಿಗಿಂತ ತಡವಾಗಿ ಏರುತ್ತದೆ. ರಾತ್ರಿ ಹತ್ತಕ್ಕೆ ಮಲಗು ಅಂದರೆ ನಿದ್ದೆ ಬರಲ್ಲ, ಬೆಳಗ್ಗೆ ಏಳು ಅಂದರೆ ಏಳಕ್ಕಾಗಲ್ಲ. ಅದನ್ನು ನಾವು ಸೋಮಾರಿತನ ಅಂತೀವಿ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹನ್ನೊಂದೂವರೆಗೆ ಮಲಗಿ ನಾಲ್ಕೂವರೆಗೆ ಎದ್ದರೆ ಐದೇ ಗಂಟೆ. ಲೆಕ್ಕದ ಮೇಷ್ಟ್ರಿಗೆ ಇಷ್ಟು ಲೆಕ್ಕ ಹೊಳೆದಿರಲಿಲ್ಲ ನೋಡಿ. ಹಗಲು ಓದಿದ್ದು ತಲೆಯಲ್ಲಿ ಊರುವುದು ನಿದ್ದೆಯಲ್ಲೇ. ಕನಸು ಬೀಳುವ ನಿದ್ದೆ ಜಾಸ್ತಿ ಇರುವುದು ಬೆಳಗಿನ ಜಾವದಲ್ಲಿ. ನಾವು ಸರಿಯಾಗಿ ಅದನ್ನೇ ಕತ್ತರಿಸುತ್ತೇವೆ.

ನಮ್ಮ ತಾತ ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತಿದ್ದರು ಅಂತ ಯಾರೋ ಹೇಳೇ ಹೇಳುತ್ತೀರಿ. ಏಳುತ್ತಿದ್ದರು, ನಿಜ. ಎಂಟಕ್ಕೆ ಮಲಗುತ್ತಲೂ ಇದ್ದರಲ್ವಾ?

ಎರಡನೇ ವಿಷಯ, ಗುರುತು ಹಿಡಿಯುವುದು. "ಅಮ್ಮಾ, ನನಗೆ ಒತ್ತಡ ಆಗ್ತಿದೆ" ಅಂತ ಯಾವ ಮಗುವೂ ಬಂದು ಹೇಳಲ್ಲ. ಹೊಟ್ಟೆ ನೋವು ಅನ್ನುತ್ತದೆ, ಅದೂ ಟೆಸ್ಟ್ ಇರುವ ದಿನ. ಅದು ನಾಟಕ ಅಲ್ಲ. ಭಯಕ್ಕೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಇಲ್ಲವೇ ತಂಗಿ ಮೇಲೆ ರೇಗುತ್ತದೆ, ತಟ್ಟೆ ಬಿಟ್ಟು ಏಳುತ್ತದೆ. ಮಿದುಳಿನಲ್ಲಿ ಸಿಟ್ಟಿಗೆ ಲಗಾಮು ಹಾಕುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ನಿದ್ದೆಗೆಟ್ಟಾಗ ಇರುವ ಲಗಾಮೂ ಸಡಿಲ. ಅಂದರೆ ಮತ್ತೆ ನಿದ್ದೆಗೇ ಬಂದೆ. ನನ್ನ ಹೆಂಡತಿ ಹೇಳುತ್ತಾಳೆ, ನೀವು ಯಾವ ಭಾಷಣಕ್ಕೆ ಹೋದರೂ ಜನರನ್ನು ಮಲಗಿಸಿಯೇ ಬರುತ್ತೀರಿ ಅಂತ.

ಚೀಟಿ ಬಂತು. "ಹತ್ತು ನಿಮಿಷ." ಊಟ ಬಂದಿದೆಯಂತೆ.

ಮೂರನೇದು ಅಂಕ. ಪೂರ್ತಿ ಅಂಕದ ಹುಚ್ಚು. ಸುಮ್ನೆ ಒಂದು ಮಾತು ಹೇಳುತ್ತೇನೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕ ಉಳಿಯುತ್ತದೆ. ಇದು ನಿಮಗೆ ಗೊತ್ತಿದೆ. ಮನೆಯಲ್ಲಿ ಮಗುವಿಗೆ ಬಾಯಿಬಿಟ್ಟು ಹೇಳಿದ್ದೀರಾ? "ಈ ಸಲ ಹೋದ್ರೆ ಇನ್ನೊಂದು ಸಲ ಬರೀಬಹುದು, ಬಿಡು" ಅಂತ? ಇಲ್ಲ. ಪಕ್ಕದ ಮನೆ ಹುಡುಗಿ ಎಷ್ಟು ತೆಗೆದಳು ಅಂತ ಮಾತ್ರ ಹೇಳಿದ್ದೀರಿ.

ನಾಲ್ಕನೇದು ಉಸಿರಾಟ. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು, ಅಷ್ಟೇ. ಪಿ.ಟಿ. ಮೇಷ್ಟ್ರು ಮಕ್ಕಳಿಗೆ ಮಾಡಿಸಿ ತೋರಿಸುತ್ತಾರೆ.

ಐದನೇದನ್ನು ಮಾತ್ರ ಬಿಡಲ್ಲ, ಊಟ ಆರಿದರೂ ಪರವಾಗಿಲ್ಲ. ಎರಡು ವಾರವಾದರೂ ಮಗು ಮಂಕಾಗಿಯೇ ಇದ್ದರೆ, ಸ್ನೇಹಿತರನ್ನೇ ಬಿಟ್ಟರೆ, ಕಾಯಬೇಡಿ. "ನಾನು ಇರಲೇಬಾರದಿತ್ತು" ಅಂದರೆ ಅವತ್ತೇ ಪಕ್ಕದಲ್ಲಿ ಕೂತು ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ ಮಗಾ?" ನೀವು ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಇದ್ದರೆ ಹೊರಗೆ ಬರುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 14416 ಬರೆದುಕೊಳ್ಳಿ. ಟೆಲಿ ಮಾನಸ್, ಸರ್ಕಾರದ್ದು. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬಹುದು, ನೀವೂ ಮಾಡಬಹುದು.

ಹೇಗೂ ಮೊಬೈಲ್ ಕೈಗೆ ಬಂತಲ್ಲ, ಹಾಗೇ ಅಲಾರಾಂ ತೆಗೆಯಿರಿ. ನಾಲ್ಕೂವರೆ ಇರುವುದನ್ನು ಆರೂವರೆ ಮಾಡಿ. ಈಗಲೇ, ನಾನು ನೋಡುತ್ತಿದ್ದೇನೆ. ಏನಮ್ಮಾ? ಐದಕ್ಕೆ ಇಡಲಾ ಅಂತೀರಾ? ರಾತ್ರಿ ಒಂಬತ್ತಕ್ಕೆ ಮಲಗಿಸಿ, ಮಗಳಿಗೆ ನಿದ್ದೆ ಬಂದರೆ ಇಡಿ. ಬರಲ್ಲ ಅಲ್ವಾ? ಹಾಗಾದರೆ ಆರು. ಅದಕ್ಕಿಂತ ಕೆಳಗೆ ನಾನು ಇಳಿಯಲ್ಲ.